ಎಂಟು ಮಂಚಗಳ ಮನೆಯ ಆಶ್ರಿತೆ

ಮೇಟ್ರನ್ನಮ್ಮನವರ ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಯಾರೂ ತಟ್ಟೆಯಲ್ಲಿ ಊಟ ಬಿಟ್ಟವರಲ್ಲ, ಯಾರ ಮುಂದೂ ಕೈ ಚಾಚಿದವರಲ್ಲ. ಮುತ್ತಜ್ಜ ನ್ಯಾಯಾಲಯದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಊರಿನ ಹೊತ್ತೇ ಅವರ ಕೈಯಲ್ಲಿತ್ತು. ಅಜ್ಜ ಹೆಡ್‌ಮಾಸ್ತರು. ಅಪ್ಪ ಮಲಗುವಾಗಲೂ ಅಂಗಿಯ ಮೇಲಿನ ಗುಂಡಿ ಬಿಚ್ಚಿದವರಲ್ಲ. ಕಾನ್ವೆಂಟಿನಲ್ಲಿ ಸನ್ಯಾಸಿನಿಯರ ಕೈಯಲ್ಲಿ ಪಳಗಿದ ಮೇಟ್ರನ್ನಮ್ಮ ಸರ್ಕಾರಿ ಸುತ್ತೋಲೆಯನ್ನೂ ಸಾಲಿನ ಕೆಳಗೆ ಅಡಿಕೋಲು ಇಟ್ಟೇ ಓದುತ್ತಿದ್ದರು.

ಅವರು ನೋಡಿಕೊಳ್ಳುವ ಅನಾಥ ಮಕ್ಕಳ ಮನೆಯಲ್ಲಿ ಮಂಚ ಎಂಟು: ಆರು ಮಕ್ಕಳಿಗೆ, ಒಂದು ಅವರಿಗೆ, ಒಂದು ಅಡುಗೆಯವಳಿಗೆ. ಆ ವರ್ಷ ಇಲಾಖೆಯಿಂದ ಹೊಸ ಸುತ್ತೋಲೆ ಬಂತು. ಇಬ್ಬರು ಮಕ್ಕಳಿಗೆ ಒಬ್ಬ ಪರಿಚಾರಕರು ಇರತಕ್ಕದ್ದು. ಅವರು ಮನೆಯಲ್ಲೇ ಮಲಗತಕ್ಕದ್ದು. ಸಂಬಳವನ್ನು ಮನೆಯೇ ಕೊಡತಕ್ಕದ್ದು. ಮಂಚಗಳು ಎಂಟನ್ನು ಮೀರತಕ್ಕದ್ದಲ್ಲ.

"ಮೂವರು ಪರಿಚಾರಕರು ಮಲಗೋದೆಲ್ಲಿ?" ಎಂದರು ಮೇಟ್ರನ್ನಮ್ಮ.

"ಮೂವರು ಮಕ್ಕಳನ್ನ ಬೇರೆ ಮನೆಗೆ ಕಳಿಸಿ ಮೇಡಂ. ಚಿಕ್ಕವರನ್ನೇ ಕಳಿಸಿ, ಸಾಗಿಸೋದು ಸುಲಭ," ಎಂದರು ಇಲಾಖೆಯ ತನಿಖಾಧಿಕಾರಿ. "ಎಲ್ಲ ಮಕ್ಕಳ ಕ್ಷೇಮಕ್ಕೇ."

"ಅಲ್ಲಿ ಜಾಗ ಇದೆಯೋ?"

"ಅವರೂ ಮೂವರನ್ನ ಇಲ್ಲಿಗೇ ಕಳಿಸ್ತೀವಿ ಅಂತಿದ್ದಾರೆ."

ಚಿಕ್ಕವರಲ್ಲಿ ಏಳು ವರ್ಷದ ಪಿಟೀಲು ಒಬ್ಬಳು; ಬಾಯಿ ನಿಲ್ಲದ್ದರಿಂದ ಬಂದ ಹೆಸರು. ಅಕ್ಕನ ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದರೆ ಮಾತ್ರ ಅವಳಿಗೆ ನಿದ್ದೆ. ಹದಿಮೂರರ ಅಕ್ಕ ಉಳಿಯುವವರ ಪಟ್ಟಿಯಲ್ಲಿದ್ದಳು.

"ಜಡೆ ಕತ್ತರಿಸಿ ಜೊತೆಗೆ ಕೊಡ್ತೀರಾ ಮಿಸ್?" ಎಂದು ಪಿಟೀಲು ವಿಚಾರಿಸಿದಳು.

"ಬೆನ್ನು ನೆಟ್ಟಗೆ ಮಾಡಿ ಮಾತಾಡು," ಎಂದ ಮೇಟ್ರನ್ನಮ್ಮ, ಅಡಿಕೋಲು ಹಿಡಿದು ಸುತ್ತೋಲೆಯನ್ನು ಮತ್ತೆ ಓದಲು ಕುಳಿತರು.

ಏಳನೆಯ ನಿಯಮದ ಬಳಿ ಅಡಿಕೋಲು ನಿಂತಿತು. ಪರಿಚಾರಕರಿಗೆ ಮಕ್ಕಳ ಮನೆಯಲ್ಲಿ ಐದು ವರ್ಷ ವಾಸಿಸಿದ ಅನುಭವ ಇರತಕ್ಕದ್ದು. ವಯಸ್ಸು ಅರವತ್ತು ಮೀರತಕ್ಕದ್ದಲ್ಲ. ಕನಿಷ್ಠ ಎಷ್ಟಿರಬೇಕೆಂದು ಬರೆಯಲು ಇಲಾಖೆ ಮರೆತಿತ್ತು.

ಮರುದಿನ ಆರೂ ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು ಸಂದರ್ಶನಕ್ಕೆ ಸಾಲಾಗಿ ನಿಂತರು. ಆರಕ್ಕೆ ಆರೂ ಐದು ವರ್ಷ ದಾಟಿದ ಅನುಭವಿಗಳು.

"ಇದು ಬಾಲಕಾರ್ಮಿಕ ಪದ್ಧತಿ ಆಗಲ್ವೇ ಮೇಡಂ?" ಎಂದರು ತನಿಖಾಧಿಕಾರಿ.

"ಸಂಬಳ ಕೊಟ್ಟರೆ ತಾನೇ? ಎಷ್ಟು ಕೊಡಬೇಕು ಅಂತ ಸುತ್ತೋಲೆಯಲ್ಲಿ ಬರೆದಿಲ್ಲವಲ್ಲ."

"ಹಾಗಾದ್ರೆ ಸಿಬ್ಬಂದಿ ವೆಚ್ಚ?"

"ಸೊನ್ನೆ."

ತನಿಖಾಧಿಕಾರಿಗಳ ಕಣ್ಣು ಒದ್ದೆಯಾಯಿತು. ಇಡೀ ಸೇವೆಯಲ್ಲಿ ಆ ಕಾಲಮ್ಮಿನಲ್ಲಿ ಇಷ್ಟು ಸುಂದರವಾದ ಅಂಕಿಯನ್ನು ಅವರು ಕಂಡಿರಲಿಲ್ಲ.

ಉಳಿದದ್ದು ಒಂದೇ ತೊಡಕು. ಮಕ್ಕಳೆಲ್ಲ ಸಿಬ್ಬಂದಿಯಾದರೆ ಆಶ್ರಿತರು ಯಾರು? ಆಶ್ರಿತರಿಲ್ಲದ ಮನೆಗೆ ಬೀಗ. ನಮೂನೆಯ ಪ್ರಕಾರ ಸ್ವಂತ ಮನೆಯಿಲ್ಲದ, ಹಿಂದೆ ಮುಂದೆ ಯಾರೂ ಇಲ್ಲದ ಯಾರೇ ಆದರೂ ಆಶ್ರಿತರು.

"ನಂಗೇನು ಅಮ್ಮಾವ್ರೇ, ಕೂತಲ್ಲಿಗೇ ಊಟ ಬರತ್ತೆ!" ಎಂದು ಅಡುಗೆಯವಳು ಥಟ್ಟನೆ ಹೆಬ್ಬೆಟ್ಟು ಒತ್ತಿದಳು.

ಇಬ್ಬರಿಗೊಬ್ಬ ಪರಿಚಾರಕರೆಂಬ ಲೆಕ್ಕಕ್ಕೆ ಇನ್ನೊಬ್ಬ ಆಶ್ರಿತರು ಬೇಕಿತ್ತು; ಮೇಟ್ರನ್ನಮ್ಮನವರಿಗೂ ಈಗ ತಮ್ಮವರೆಂದು ಯಾರೂ ಉಳಿದಿರಲಿಲ್ಲ. ಅವರ ಪೆನ್ನು ಮಾತ್ರ ನಮೂನೆಯ 'ದಿಕ್ಕಿಲ್ಲದವರು' ಎಂಬ ಪದದ ಪಕ್ಕ ಬಹಳ ಹೊತ್ತು ನಿಂತಿತು. ಮುತ್ತಜ್ಜ, ಅಜ್ಜ, ಅಪ್ಪ ಮೂವರೂ ಬೆನ್ನ ಹಿಂದೆ ನಿಂತು ಇಣುಕಿದಂತಿತ್ತು. ಎದುರಿಗೆ ಪಿಟೀಲು ಹಾಡಹಗಲೇ ಅಕ್ಕನ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಮೇಟ್ರನ್ನಮ್ಮ ಸಹಿ ಹಾಕಿದರು. ಅಕ್ಷರ ದುಂಡಗೇ ಇತ್ತು.

ಈಗ ಮನೆ ಸುಸೂತ್ರವಾಗಿ ನಡೆದಿದೆ. ಇಬ್ಬರು ಆಶ್ರಿತರಿಗೆ ಆರು ಪರಿಚಾರಕರು. ಇಲಾಖೆ ಇದನ್ನು ಮಾದರಿ ಮನೆ ಎಂದು ಘೋಷಿಸಿದೆ. ಅಡುಗೆಯನ್ನು ಮೊದಲಿನಂತೆ ಅಡುಗೆಯವಳೇ ಮಾಡುತ್ತಾಳೆ. ವರದಿಯಲ್ಲಿ ಅದು 'ಆಶ್ರಿತರ ಕೈಕಸುಬು ತರಬೇತಿ'. ಮೇಟ್ರನ್ನಮ್ಮ ಮಕ್ಕಳನ್ನು ಗದರಿದರೆ 'ಭಾಷಣ ಕಲೆ'.

ಮೊನ್ನೆ ಪಿಟೀಲು ತನ್ನ ಮೊದಲ ವರದಿ ಬರೆದಳು: 'ಮಿಸ್ ಸೊಪ್ಪು ಬಿಟ್ಟರು. ಕೇಳಿದ್ದಕ್ಕೆ ಸಿಟ್ಟು ಮಾಡಿದರು. ಅದಕ್ಕೆ ಸಂಜೆ ಅವರನ್ನು ಅಂಗಳಕ್ಕೆ ಬಿಡುವುದಿಲ್ಲ.' ತನಿಖಾಧಿಕಾರಿ 'ಪರಿಶೀಲಿಸಿ ಒಪ್ಪಲಾಗಿದೆ' ಎಂದು ಮೊಹರು ಒತ್ತಿದರು.

ಮೇಟ್ರನ್ನಮ್ಮ ನಿಯಮಕ್ಕೆ ತಲೆಬಾಗಿ ಸಂಜೆಯೆಲ್ಲ ಒಳಗೇ, ಬೆನ್ನು ನೆಟ್ಟಗೆ ಮಾಡಿ ಕುಳಿತರು. ಕುಳಿತಲ್ಲೇ ಇಲಾಖೆಗೆ ಪತ್ರ ಬರೆದರು. ದಿಕ್ಕಿಲ್ಲದವಳೆಂದು ನಮೂದಿಸಿಕೊಂಡದ್ದಕ್ಕೆ ತಕರಾರಿಲ್ಲ. ಆದರೆ ಸೊಪ್ಪಿನಲ್ಲಿ ಹುಳ ಇತ್ತು. ನಾಲ್ಕು ತಲೆಮಾರಿನಿಂದ ನಮ್ಮಲ್ಲಿ ಯಾರೂ ತಟ್ಟೆಯಲ್ಲಿ ಬಿಟ್ಟವರಲ್ಲ. 'ಸೊಪ್ಪು ಬಿಟ್ಟರು' ಎಂಬುದಕ್ಕೆ ಮೊಹರು ಒತ್ತಿದ್ದಕ್ಕಾಗಿ ಇಲಾಖೆ ಕ್ಷಮೆ ಕೇಳಬೇಕು.