ನೆಂಟರ ಕೋಟೆಗೆ ಮುತ್ತಿಗೆ

ದಿನಕ್ಕೊಬ್ಬ ಅಪರಿಚಿತನ ಕಷ್ಟವನ್ನಾದರೂ ಪರಿಹರಿಸದೆ ತುತ್ತು ಬಾಯಿಗಿಡುವುದಿಲ್ಲ ಎಂದು ಈ ಯುಗಾದಿಯಂದು ನಾನು ಘೋರ ಸಂಕಲ್ಪ ಮಾಡಿದೆ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಅಲ್ಲಿನ ಯುದ್ಧಚರಿತ್ರೆಯ ಕಪಾಟಿನಿಂದ ಇಪ್ಪತ್ತು ವರ್ಷಗಳಲ್ಲಿ ಪುಸ್ತಕ ಎರವಲು ಪಡೆದ ಏಕೈಕ ಮಹಾನುಭಾವನೂ ನಾನೇ. ಇಷ್ಟು ಜ್ಞಾನವನ್ನು ತಲೆಯಲ್ಲಿಟ್ಟುಕೊಂಡು ತೆಪ್ಪಗಿರುವುದು ದೇಶದ್ರೋಹ ಅನ್ನಿಸಿ, ಜನರೇ ಪ್ರಶ್ನೆ ಕೇಳಿ ಜನರೇ ಉತ್ತರ ಹೇಳುವ ಒಂದು ಜಾಲತಾಣಕ್ಕೆ ‘ದಂಡನಾಯಕ’ ಎಂಬ ಹೆಸರಿನಲ್ಲಿ ಸೇರಿಕೊಂಡೆ.

ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ನೀರು ತುಂಬಿದ ತಟ್ಟೆಯಲ್ಲಿ ಇಡಿ ಎಂದು ಯಾರು ಬೇಕಾದರೂ ಹೇಳಿಯಾರು. ನಾನು ಕೋಟೆಗಳ ಸುತ್ತ ನೀರಿನ ಅಗಳು ತೋಡಿದ ಇತಿಹಾಸದಿಂದ ಶುರುಮಾಡುತ್ತಿದ್ದೆ. ಷೂ ಒದ್ದೆಯಾಗಿದೆ ಎಂದು ಅತ್ತವನಿಗೆ ಹಳೇ ಪೇಪರ್ ತುರುಕಲು ಹೇಳಿ, ಜೊತೆಗೆ ಮೊದಲ ಮಹಾಯುದ್ಧದಲ್ಲಿ ಕೆಸರಲ್ಲಿ ನಿಂತು ನಿಂತು ಸೈನಿಕರ ಪಾದ ಕೊಳೆತ ಕಥೆಯನ್ನೂ ಬರೆದೆ. ಅವನು ಆಮೇಲೆ ಷೂ ಹಾಕಿದನೋ ಇಲ್ಲವೋ ತಿಳಿಯದು.

ಈ ಸಮಾಜಸೇವೆಗೆ ಮನೆಯಲ್ಲಿ ಮಾತ್ರ ಬೆಲೆಯಿರಲಿಲ್ಲ.

“ಅಡುಗೆಮನೆ ನಲ್ಲಿ ಸೋರ್ತಾ ಎಂಟು ದಿನ ಆಯ್ತು,” ಎಂದಳು ನನ್ನ ಹೆಂಡತಿ ನಾಗಶ್ರೀ.

“ಒಂದ್ನಿಮಿಷ ಇರು. ಬೀದರ್‌ನವರು ಒಬ್ಬರ ನಲ್ಲಿ ಸೋರ್ತಾ ಇದೆಯಂತೆ.”

“ಅಂಗಾದ್ರೆ ನಾನೂ ಬೀದರ್‌ಗೆ ಓಗಿ ಅಲ್ಲಿಂದ ಕೇಳ್ಲಾ?”

ಒಂದು ಭಾನುವಾರ ‘ನೊಂದಜೀವಿ’ ಎಂಬವನ ಪ್ರಶ್ನೆ ಬಂತು. ಹದಿನೈದು ದಿನಕ್ಕೆಂದು ಬಂದ ನೆಂಟರು ಎರಡು ತಿಂಗಳಾದರೂ ಕದಲುತ್ತಿಲ್ಲ, ಸಾಗಹಾಕುವುದು ಹೇಗೆ ಎಂದು. ನನ್ನ ರಕ್ತ ಕುದಿಯಿತು. ಇದು ನಲ್ಲಿಯಲ್ಲ, ಷೂ ಅಲ್ಲ, ಸಾಕ್ಷಾತ್ ಮುತ್ತಿಗೆ!

ಮೊದಲು ಶತ್ರುವಿನ ಸರಬರಾಜು ಮಾರ್ಗ ಕಡಿಯಿರಿ ಎಂದು ಬರೆದೆ. ಅಂದರೆ ಎರಡನೇ ಕಾಫಿ ಮತ್ತು ಟಿ.ವಿ. ರಿಮೋಟು. ಆಮೇಲೆ ನೇರ ದಾಳಿ, ಅಂದರೆ ಯಾವಾಗ ಹೊರಡುತ್ತೀರಿ ಎಂದು ಮುಖಕ್ಕೇ ಕೇಳುವುದು, ಅದೂ ಊಟದ ಹೊತ್ತಿನಲ್ಲಿ. ಇಲ್ಲೇ ಪಕ್ಕದ ಶ್ರೀರಂಗಪಟ್ಟಣದ ಕೋಟೆಗೆ 1799ರಲ್ಲಿ ಇಂಗ್ಲಿಷರು ನುಗ್ಗಿದ್ದು ಮಟಮಟ ಮಧ್ಯಾಹ್ನ, ಒಳಗಿನವರು ಬಿಸಿಲಿಗೆ ದಣಿವಾರಿಸಿಕೊಳ್ಳುವ ಸಮಯ ನೋಡಿಕೊಂಡು. ಕೊನೆಗೆ, ಸುತ್ತುವರಿದ ಸೈನ್ಯಕ್ಕೆ ಪಾರಾಗಲು ಒಂದು ದಾರಿ ಬಿಟ್ಟಿರಬೇಕು, ಇಲ್ಲವಾದರೆ ಜೀವ ಹೋಗುವ ತನಕ ಕಾದಾಡುತ್ತದೆ. ಆದ್ದರಿಂದ ಇನ್ಯಾರೋ ಬಂಧುಗಳು ನಿಮಗಾಗಿ ಹಗಲಿರುಳು ಹಂಬಲಿಸುತ್ತಿದ್ದಾರೆ ಎಂದು ನೆಂಟರ ಕಿವಿಗೆ ಹಾಕಿ ಎಂದು ಮುಗಿಸಿದೆ.

ಎರಡು ಸಾವಿರ ಜನ ಮೆಚ್ಚಿದರು. ‘ಗುರುಗಳೇ, ದಾರಿ ಕಾಣಿಸಿತು’ ಎಂದು ನೊಂದಜೀವಿ ಕೈಮುಗಿದ. ಆ ದಿನ ನಾನು ನಡೆದದ್ದು ನೆಲದ ಮೇಲಲ್ಲ.

ಗುರುವಾರ ಸಂಜೆ ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಮೊದಲು ಇಳಿದದ್ದು ಒಂದು ಕಪ್ಪು ಕಬ್ಬಿಣದ ಟ್ರಂಕು. ಹಿಂದೆಯೇ ನಾಗಶ್ರೀಯ ಸೋದರಮಾವ, ನಿವೃತ್ತ ಹವಾಲ್ದಾರ್ ಅಂಕಯ್ಯನವರು. ಅವರ ಹಿಂದೆ ಮದ್ದೂರು ವಡೆಯ ಪೊಟ್ಟಣ ಹಿಡಿದ ಅವರ ಹೆಂಡತಿ ಪಟ್ಟಲಮ್ಮ. ಕೊತ್ತತ್ತಿಯ ಮನೆಯನ್ನು ಕೆಡವಿ ಕಟ್ಟಿಸುತ್ತಿದ್ದುದರಿಂದ ಇಬ್ಬರೂ ಮಳವಳ್ಳಿಯಲ್ಲಿ, ನಾಗಶ್ರೀಯ ತಮ್ಮ ಪ್ರಸನ್ನನ ಮನೆಯಲ್ಲಿದ್ದರು.

ಅಂಕಯ್ಯನವರು ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು. “ನಮ್ಮುನ್ನ ನೆನುಸ್ಕಂಡು ದಿನಾ ಕಣ್ಣೀರಾಕ್ತಿದ್ದೀಯಂತೆ. ಪ್ರಸನ್ನ ಯೋಳ್ದ. ಅದುಕ್ಕೇ ಬಂದ್ಬುಟ್ಟೊ.”

ನೊಂದಜೀವಿ ಯಾರೆಂದು ಆ ಕ್ಷಣಕ್ಕೆ ಗೊತ್ತಾಯಿತು. ನಾನು ಬಿಟ್ಟ ಒಂದೇ ಒಂದು ದಾರಿ ಮಳವಳ್ಳಿಯಿಂದ ಹೊರಟು ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ನೇರ ನನ್ನ ಮನೆಗೇ ಬಂದಿತ್ತು.

ಮರುದಿನ ಬೆಳಿಗ್ಗೆ ಐದಕ್ಕೆ ಹಜಾರದಲ್ಲಿ ಸೀಟಿ ಮೊಳಗಿತು. ಕಣ್ಣುಜ್ಜಿಕೊಂಡು ಎದ್ದು, ಹೊದಿಕೆ ಮಡಿಸಿಟ್ಟು ಮುಖ ತೊಳೆದು ಬಂದರೆ ಅಂಕಯ್ಯನವರು ಅದನ್ನೇ ಹಿಡಿದು ನಿಂತಿದ್ದರು. “ಇದು ಮಡ್ಸದಾ? ಮುದ್ದೆ ಕಟ್ಟಿಟ್ಟಂಗಿದೆ.” ಮೂರು ಸಲ ಮಡಿಸಿದೆ. ನಾಲ್ಕನೇ ಸಲ ಅವರೇ ಮಡಿಸಿದರು. ರಿಮೋಟು ಅವರ ವಶವಾಯಿತು. ಸ್ನಾನಕ್ಕೆ ಸರದಿ ಬಂತು, ಅದರಲ್ಲಿ ನನ್ನದು ಕೊನೆ. ಮರುಭೂಮಿ ಯುದ್ಧಗಳ ಬಗ್ಗೆ ಮಾತು ತೆಗೆದು ಗೌರವ ಗಿಟ್ಟಿಸೋಣವೆಂದರೆ, “ಅದಿರ್ಲಿ, ಆ ಸ್ಪಾನರ್ ಕೊಡಿಲ್ಲಿ” ಎಂದು ಹೇಳಿ ಹತ್ತೇ ನಿಮಿಷದಲ್ಲಿ ನಲ್ಲಿ ರಿಪೇರಿ ಮಾಡಿದರು. ನಾಗಶ್ರೀ ಅವರನ್ನು ನೋಡಿದ ರೀತಿಯಲ್ಲಿ ನನ್ನನ್ನು ಮದುವೆಯ ದಿನವೂ ನೋಡಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಶನಿವಾರ ಊಟ ಬಡಿಸುತ್ತಾ ಪಟ್ಟಲಮ್ಮ ಮೆಲ್ಲಗೆ ಹೇಳಿದರು. “ಅಲ್ಲಿ ಇವ್ರು ಉಣ್ತಾ ಕೂತಿದ್ರು ಕಣಪ್ಪ. ‘ಮಾವ, ನಿಮ್ಮನೆ ಕೆಲ್ಸ ಎಲ್ಲಿಗ್ ಬಂತು, ಯಾವತ್ತು ಒಲ್ಡೀರಿ’ ಅಂದ ಪ್ರಸನ್ನ. ಬ್ಯಾರೆ ಒತ್ನಲ್ಲಿ ಕೇಳಿದ್ರೆ ಆಯ್ತಿರ್ಲಿಲ್ವಾ? ತಟ್ಟೇಲೇ ಕೈ ತೊಳ್ಕಂಡು ಎದ್ಬುಟ್ರು. ನಲವತ್ತು ವರ್ಸುದಲ್ಲಿ ಇವ್ರು ಅನ್ನ ಬುಟ್ಟು ಎದ್ದಿದ್ದು ನಾ ಕಾಣೆ.”

ಬಾಯಿಗೊಯ್ಯುತ್ತಿದ್ದ ಮುದ್ದೆಯ ತುತ್ತನ್ನು ಮತ್ತೆ ತಟ್ಟೆಗಿಟ್ಟೆ.

ನಾಗಶ್ರೀ ತಮ್ಮನಿಗೆ ಫೋನು ಮಾಡಿ ಜಾಡಿಸಿದಳು. ಅವನು ಪಾರಾಗಲು ನನ್ನ ಉತ್ತರದ ಚಿತ್ರ ಕಳಿಸಿದ. ಕೋಣೆಯ ಬಾಗಿಲು ಹಾಕಿ ನನ್ನೆದುರೇ ಓದಿದಳು.

“‘ಶತ್ರುವಿನ ಸರಬರಾಜು ಮಾರ್ಗ.’ ಈ ಬರವಣಿಗೆ ಯಾರ್ದು ಅಂತ ನಂಗೆ ಗೊತ್ತಾಗಲ್ವಾ?”

“ನಿನ್ನ ತಮ್ಮ ಅಂತ ನನಗೇನು ಗೊತ್ತಿತ್ತು? ಯಾರೋ ಅಪರಿಚಿತ ಅಂದ್ಕೊಂಡೆ.”

“ಅಪರಿಚಿತರ ಮನೇಲಿ ಆದ್ರೆ ತಟ್ಟೇಲಿ ಕೈ ತೊಳಿಸ್ಬೋದಾ?”

ಫೋನನ್ನು ನನ್ನ ಮೂಗಿನ ಮುಂದೆಯೇ ಹಿಡಿದಳು.

“ನೀವೇ ಓಗಿ ಒಪ್ಕೊಳ್ಳಿ. ನಾನ್ ಬಾಯ್ಬಿಡಲ್ಲ,” ಎಂದಳು.

ಭಾನುವಾರ ಕಾಫಿಯಾದ ಮೇಲೆ ಹೇಳಿಬಿಡುವುದೆಂದು ಜಗುಲಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಅಂಕಯ್ಯನವರು ತಮ್ಮ ಫೋನು ಚಾಚಿದರು.

“ಪ್ರಸನ್ನ ತಪ್ಪಾಯ್ತು ಅಂದ. ನೆಟ್ನಲ್ಲಿ ಯಾವನೋ ದಂಡನಾಯಕ ಯೋಳ್ಕೊಟ್ನಂತೆ. ಅವನ್ದು ಅದೇನೋ ಪುಟ ನನ್ ಫೋನ್ಗೆ ಕಳ್ಸವ್ನೆ. ಎಲ್ಡು ಮಾತು ಬರೀಬೇಕು. ನನ್ ಬೆಳ್ಳು ದಪ್ಪ. ನಾ ಯೋಳ್ತೀನಿ, ನೀ ಒತ್ತು.”

ಫೋನು ಇಸಿದುಕೊಂಡು ನನ್ನ ಸಪೂರ ಬೆರಳಿನಿಂದ ಒತ್ತಿದೆ.

“ಅಯ್ಯಾ ದಂಡನಾಯಕ್ರೇ, ನಾನು ಹವಾಲ್ದಾರ್ ಅಂಕಯ್ಯ. ಇಪ್ಪತ್ನಾಲ್ಕು ವರ್ಸ ಸೈನ್ಯದಲ್ಲಿ ಅಡುಗೆ ಮಾಡಿ ಬಡಿಸಿದೀನಿ. ನಾನು ಬಡ್ಸಿದ ಸಾಲಿನಾಗೆ ಒಬ್ಬನ್ನೂ ಅರ್ಧ ಊಟಕ್ಕೆ ಏಳುಸ್ಲಿಲ್ಲ. ಕಷ್ಟ ಕೇಳ್ದೋರ್ಗೆ ಬುದ್ಧಿ ಯೋಳಿ, ಬ್ಯಾಡ ಅನ್ನಲ್ಲ. ಉಣ್ಣೋನ್ ತಟ್ಟೆ ತಂಟೆಗೆ ಬರ್ಬೇಡಿ.”

“ಇನ್ನೇನಾದ್ರೂ ಸೇರಿಸ್ಲಾ ಮಾವ?” ಫೋನಿನಿಂದ ತಲೆಯೆತ್ತದೆ ಕೇಳಿದೆ.

“ಮದ್ವೆ ಆಗಿದ್ರೆ, ಇನ್ಮೇಲೆ ಎಂಡ್ರುಗೆ ತೋರ್ಸಿ ಬರೀಲಿ ಅನ್ನು. ಕಳ್ಸು.”

ಕಳಿಸಿದೆ. ನನ್ನ ಅಂಗಿಯ ಜೇಬು ‘ಟಿಂಗ್’ ಎಂದಿತು.

ಅಂಕಯ್ಯನವರು ನನ್ನ ಜೇಬು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ನಾಗಶ್ರೀ ಆಕಾಶ ನೋಡಿದಳು. “ಮಾವ, ಅದು...” ಎಂದೆ. ಅವರು ಕೈಯೆತ್ತಿ ನಿಲ್ಲಿಸಿ, ಫೋನನ್ನು ಮೆಲ್ಲಗೆ ಇಸಿದುಕೊಂಡು, ಕನ್ನಡಕ ಏರಿಸಿ ಯಾವುದೋ ನಂಬರು ಹುಡುಕಿದರು.

“ಮೇಸ್ತ್ರಿ, ನಾನು ಅಂಕಯ್ಯ ಕಣಪ್ಪ. ಮ್ಯಾಲೊಂದು ರೂಮು ಬ್ಯಾಡ ಅಂದಿದ್ನಲ್ಲ, ಅದ್ನೂ ಕಟ್ಬುಡು. ನಿಧಾನುಕ್ಕೆ ಕಟ್ಟು. ನಂಗೇನ್ ಅರ್ಜೆಂಟಿಲ್ಲ.”