ಟ್ರ್ಯಾಕ್ಟರಿನ ಮೂತಿಯ ಮೇಲೆ ವಿರಾಜಮಾನರಾದ ವೈಸ್ ಮಹಾಶಯರಿಗೆ

ಮಾನ್ಯ ವೈಸ್ ಮಹಾಶಯರೇ,

ತಮ್ಮ ಎರಡೂ ಕಬ್ಬಿಣದ ದವಡೆಗಳಿಗೆ, ಅವುಗಳನ್ನು ಬಿಗಿಮಾಡುವ ಹಿಡಿಕೆಗೆ, ತಮ್ಮ ಬುಡದ ಬೋಲ್ಟುಗಳಿಗೆ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಗ್ರೀಸು, ಎಣ್ಣೆಗಳಿಗೆ ಕೊರತೆಯಿಲ್ಲದೆ ಆರೋಗ್ಯವಾಗಿದ್ದೀರೆಂದು ಬಲ್ಲೆ. ನಮ್ಮ ಮನೆಯಲ್ಲಿ ತಲೆಗೆ ಹಚ್ಚುವ ಎಣ್ಣೆ ತೀರಿದ್ದುಂಟು, ತಮ್ಮ ಎಣ್ಣೆ ತೀರಿದ್ದನ್ನು ನಾನು ಕಂಡಿಲ್ಲ. ನಾನು ತಮ್ಮನ್ನು ಹೊತ್ತು ತಿರುಗುವ ಟ್ರ್ಯಾಕ್ಟರಿನ ಚಾಲಕಿ, ಹಾಗೂ ತಮ್ಮನ್ನು ಅದರ ಮೂತಿಯ ಮೇಲೆ ಕೂರಿಸಿದ ಮಹಾನುಭಾವರ ಹೆಂಡತಿ. ಈ ಮಾತುಗಳನ್ನು ಖಾಸಗಿಯಾಗಿ ಅರಿಕೆ ಮಾಡಬಹುದಿತ್ತು. ಆದರೆ ತಮ್ಮ ಸುತ್ತ ಸದಾ ಜನ ಸೇರಿರುವುದರಿಂದ ಬಹಿರಂಗವಾಗಿಯೇ ಬರೆದು ಬಾನೆಟ್ಟಿಗೆ ಅಂಟಿಸುತ್ತಿದ್ದೇನೆ. ಅಲ್ಲಿ ಓದುವವರಿಗೇನೂ ಬರವಿಲ್ಲ.

ಮೊದಲು ತಾವು ಹಿತ್ತಲ ಶೆಡ್ಡಿನಲ್ಲಿ, ಕಿಟಕಿಯ ಪಕ್ಕದ ಮರದ ಮೇಜಿನ ಮೇಲೆ, ರಿಪೇರಿಗೆ ಬಂದದ್ದನ್ನೆಲ್ಲ ಅಲುಗದಂತೆ ಕಚ್ಚಿ ಹಿಡಿಯುತ್ತ ವಾಸವಾಗಿದ್ದಿರಿ. ನಮ್ಮ ಮನೆಯವರೂ ಹೆಚ್ಚುಕಡಿಮೆ ಅಲ್ಲೇ ವಾಸವಾಗಿದ್ದರು. "ಒಂದ್ನಿಮಿಷ, ಬಂದೆ" ಎಂದು ತಿಂಡಿ ಬಿಟ್ಟು ಎದ್ದು ಹೋದವರು ಊಟಕ್ಕೆ ಕರೆದಾಗಲೂ ಅದೇ ನಿಮಿಷದೊಳಗೇ ಇರುತ್ತಿದ್ದರು. ಅವರಿಗೆ ಟ್ರ್ಯಾಕ್ಟರನ್ನು ಬಿಚ್ಚುವುದೆಂದರೆ ಪ್ರಾಣ, ಓಡಿಸುವುದೆಂದರೆ ಬೇಸರ. ಹೀಗಾಗಿ ಓಡಿಸುವುದು ನನ್ನ ಪಾಲಿಗೆ ಬಂತು. ಅದರಲ್ಲಿ ನನಗೆ ದೂರಿಲ್ಲ. ಆದರೆ ಬಿತ್ತನೆಯ ಕಾಲದಲ್ಲಿ, ಮುಂದೆ ನೋಡಿ ಓಡಿಸುವವಳಿಗೆ ಬೆನ್ನಲ್ಲಿ ಕಣ್ಣಿರುವುದಿಲ್ಲ. ಹಿಂದಿನ ಕೂರಿಗೆಯ ಕೊಳವೆಯೊಂದರಲ್ಲಿ ಮಣ್ಣು ಕಟ್ಟಿಕೊಂಡರೆ ಬೀಜ ಬೀಳದೆ ಸಾಲಿಗೆ ಸಾಲೇ ಬರಿದಾಗುತ್ತದೆ. ಹೋದ ವರ್ಷ ಹಾಗೇ ಆಯಿತು. ಮೊಳಕೆ ಬಂದಾಗ ಹೊಲ ಹಲ್ಲುದುರಿದ ಬಾಚಣಿಗೆಯಂತೆ ಕಂಡಿತು, ನಾನು ಬದುವಿನ ಮೇಲೆ ಕುಳಿತು ಅತ್ತುಬಿಟ್ಟೆ. ಅದಕ್ಕೇ ಈ ವರ್ಷ ಇವರನ್ನು ಕೇಳಿಕೊಂಡೆ: ಕೂರಿಗೆಯ ಹಿಂದೆ ನಡೆದು ಬನ್ನಿ, ಕೊಳವೆ ನೋಡಿಕೊಳ್ಳಿ, ನನಗೆ ಬೇರೇನೂ ಬೇಡ.

ಅವರು ಒಪ್ಪಿದರು. ಒಪ್ಪಿ, ತಮ್ಮನ್ನೂ ಜೊತೆಗೆ ಕರೆತರುವುದಾಗಿ ಹೇಳಿದರು. "ಹೊಲದಲ್ಲಿ ಏನಾದ್ರೂ ಮುರಿದ್ರೆ ಅಲ್ಲೇ ಹಿಡಿದು ಸರಿ ಮಾಡ್ಬಹುದು, ಮನೆಗೆ ಯಾಕೆ ಓಡಿ ಬರ್ಬೇಕು ಹೇಳು?" ಗಂಡನನ್ನು ಹೊಲಕ್ಕೆ ಕರೆದರೆ ಶೆಡ್ಡೇ ಹೊರಟು ನಿಂತಿತು. ಮುಂದಿನ ಬಂಪರಿನ ಮೇಲೆ ದಪ್ಪ ಕಬ್ಬಿಣದ ತಗಡು, ತಗಡಿನ ಮೇಲೆ ತಾವು. ಕಳ್ಳರು ಬಿಚ್ಚಿಕೊಂಡು ಹೋಗಬಾರದೆಂದು ಬೋಲ್ಟುಗಳ ತಲೆಯನ್ನು ಸ್ಪ್ಯಾನರ್ ಕೂರದಂತೆ ಉಜ್ಜಿ ನುಣ್ಣಗೆ ಮಾಡಿ, ಕೆಳಗಿನ ನಟ್ಟುಗಳಿಗೆ ವೆಲ್ಡಿಂಗನ್ನೂ ಹಾಕಿ, "ಇನ್ನು ಕದಿಯೋನು ಟ್ರ್ಯಾಕ್ಟರ್ ಸಮೇತ ಕದೀಬೇಕು" ಎಂದು ಎದೆಯುಬ್ಬಿಸಿದರು. ಅತ್ತೆಯವರು ಬಂದು ಒಂದು ಸುತ್ತು ಹಾಕಿ, "ಇದಕ್ಕೆ ಮೂಗೊಂದು ಕಮ್ಮಿಯಾಗಿತ್ತು ನೋಡು" ಎಂದು ಒಳಗೆ ಹೋದರು. ನಮ್ಮ ಟ್ರ್ಯಾಕ್ಟರಿನ ಬಾನೆಟ್ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ ಎಂಬುದು ಅದನ್ನು ಸಾವಿರ ಸಲ ತೆರೆದಿದ್ದ ಅವರಿಗೂ, ಪಕ್ಕದಲ್ಲಿ ತಗಡು ಹಿಡಿದು ನಿಂತಿದ್ದ ನನಗೂ ಹೊಳೆಯಲಿಲ್ಲ. ಅಳತೆಗಳನ್ನೆಲ್ಲ ಬಾನೆಟ್ ಮುಚ್ಚಿಕೊಂಡೇ ತೆಗೆದಿದ್ದೆವು.

ಆಮೇಲಿನ ತಮ್ಮ ಕೀರ್ತಿಯನ್ನು ಏನೆಂದು ಬಣ್ಣಿಸಲಿ! ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬ ಗಾದೆಯನ್ನು ತಾವು ಸುಳ್ಳು ಮಾಡಿದಿರಿ. ಪಕ್ಕದ ಹೊಲದವನು ಸೊಟ್ಟಗಾದ ಕುಡುಗೋಲು ತಂದ, ಹಾಲಿನವನು ಸೈಕಲ್ಲಿನ ಪೆಡಲು ತಂದ, ಮೇಷ್ಟರು ಕನ್ನಡಕದ ಕಡ್ಡಿ ತಂದರು. ಸಾಲಿನ ನಟ್ಟನಡುವೆ ಬಸ್ಸಿಗೆ ಕೈ ಅಡ್ಡ ಹಿಡಿದಂತೆ ಹಿಡಿದು, "ಅಕ್ಕಾ, ಸ್ವಲ್ಪ ನಿಲ್ಸಿ, ಇದೊಂದು ಚೂರು ಹಿಡಿಸ್ಕೋತೀನಿ" ಎನ್ನುವವರೇ ಎಲ್ಲ. ಕೂರಿಗೆಯ ಹಿಂದೆ ಇರಬೇಕಾದ ನಮ್ಮವರು ತಮ್ಮ ಮುಂದೆಯೇ ನೆಲೆಸಿದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಹೇಳಿದ್ದು ಯಾರನ್ನು ನೋಡಿ ಎಂಬುದು ನನಗೆ ಆಗ ಅರ್ಥವಾಯಿತು.

ನಿನ್ನೆ ಮಣ್ಣು ಹದವಾಗಿತ್ತು, ಮೋಡ ಕಟ್ಟುತ್ತಿತ್ತು, ಅರ್ಧ ಹೊಲ ಇನ್ನೂ ಉಳಿದಿತ್ತು. ಅಷ್ಟರಲ್ಲಿ ಬಾನೆಟ್ಟಿನೊಳಗೆ ಫಟ್ ಎಂದು ಫ್ಯಾನ್ ಬೆಲ್ಟ್ ಹರಿಯಿತು. ಸುಳ್ಳೇಕೆ ಹೇಳಲಿ, ನಮ್ಮವರ ಮುಖ ಅರಳಿತು. ಹೊಸ ಬೆಲ್ಟ್ ತಮ್ಮ ಕೊರಳಲ್ಲೇ ನೇತಾಡುತ್ತಿತ್ತು, ಸ್ಪ್ಯಾನರುಗಳು ಜೇಬಿನಲ್ಲಿದ್ದವು, ಹಿಡಿದುಕೊಡಲು ತಾವು ಬಾಯಿ ತೆರೆದು ಸಿದ್ಧರಾಗಿದ್ದಿರಿ. ಅವರು ಬಾನೆಟ್ ಎತ್ತಿದರು. ಅದು ನಾಲ್ಕು ಬೆರಳಷ್ಟು ಎದ್ದು, ಮೂತಿ ತಮಗೆ ತಾಗಿ ಠಣ್ ಎಂದು ನಿಂತಿತು. ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಠಣ್. ತಮ್ಮನ್ನು ಕಿತ್ತರೆ ತೆರೆದೀತು, ಕೀಳಲು ಬೋಲ್ಟಿಗೆ ತಲೆಯಿರಲಿಲ್ಲ. ಉಜ್ಜಿದವರಿಗೆ ಇತ್ತೇ ಎಂದು ನಾನು ಕೇಳಲಿಲ್ಲ. ಕೊನೆಗೆ ಪಕ್ಕದ ಹೊಲದವನು ತನ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನಮ್ಮದನ್ನು ಮನೆಗೆ ಎಳೆದುಕೊಂಡು ಹೋದ, ಮತ್ತು ಹಗ್ಗದ ಇನ್ನೊಂದು ತುದಿ ಬಿಗಿಯಲು ತಮ್ಮ ಕೊರಳು ಬಹಳ ಅನುಕೂಲವಾಯಿತು. ಆ ಉಪಕಾರವನ್ನು ನಾನು ಮರೆಯುವವಳಲ್ಲ.

ಆಮೇಲೆ ನಡೆದದ್ದು ತಮಗೆ ಗೊತ್ತಿಲ್ಲ. ನಮ್ಮವರು ಬೀಜದ ಚೀಲವನ್ನು ಹೆಗಲಿಗೇರಿಸಿದರು. ನಾನು ಗುದ್ದಲಿಯಿಂದ ಗೆರೆ ಎಳೆಯುತ್ತ ಮುಂದೆ ನಡೆದೆ, ಅವರು ಬೀಜ ಬಿಡುತ್ತ, ಕಾಲಿನಿಂದ ಮಣ್ಣು ಮುಚ್ಚುತ್ತ ಹಿಂದೆ ಬಂದರು. ನಾನು ತಿರುಗಿ ನೋಡಿದಾಗಲೆಲ್ಲ ಅಲ್ಲಿ ಇದ್ದರು. "ನಿನ್ನ ಸಾಲು ಇಷ್ಟು ನೆಟ್ಟಗೆ ಹೇಗೆ ಬರುತ್ತೆ?" ಎಂದು ಕೇಳಿದರು, ಮದುವೆಯಾದಾಗಿನಿಂದ ಆ ಪ್ರಶ್ನೆಗೆ ಕಾಯುತ್ತಿದ್ದೆನೆಂದು ನನಗೇ ಆಗ ತಿಳಿಯಿತು. ನಮ್ಮ ಹೊಲ ದೊಡ್ಡದೇನಲ್ಲ. ಹೊತ್ತು ಮುಳುಗುವಾಗ ಬಾವಿಯ ಪಕ್ಕದ ಪಟ್ಟಿಯೊಂದು ಬಿಟ್ಟರೆ ಮಿಕ್ಕದ್ದು ಮುಗಿದಿತ್ತು. ಸೊಂಟ ಬಿದ್ದುಹೋಗಿತ್ತು, ಆದರೂ ಅಷ್ಟು ಸಂತೋಷದಿಂದ ನಾನು ಆ ಹೊಲದಿಂದ ಎಂದೂ ಮನೆಗೆ ಬಂದಿರಲಿಲ್ಲ.

ಇಂದು ಬೆಳಿಗ್ಗೆ ಎದ್ದು ನೋಡಿದರೆ ಅವರು ಟ್ರ್ಯಾಕ್ಟರಿನ ಹಿಂಭಾಗವನ್ನು ಅಳೆಯುತ್ತಿದ್ದಾರೆ. "ಬೋಲ್ಟು ಕೊಯ್ದು ಹಿಂದ್ಗಡೆ ಕೂರಿಸಿದ್ರೆ ಬಾನೆಟ್ಟಿಗೆ ಏನೂ ತೊಂದ್ರೆ ಇಲ್ಲ ನೋಡು!" ಕೂರಿಗೆ ಸಿಕ್ಕಿಸುವ ಕೊಂಡಿ ಇರುವುದೂ ಹಿಂದ್ಗಡೆಯೇ ಎಂಬುದನ್ನು ಅವರು ಸಕಾಲದಲ್ಲಿ, ಅಂದರೆ ವೆಲ್ಡಿಂಗ್ ಆದ ಮೇಲೆ, ಕಂಡುಕೊಳ್ಳಲಿದ್ದಾರೆ.

ಆದಕಾರಣ, ಹಿಡಿದದ್ದನ್ನು ಬಿಡದ ಮಹಾಶಯರೇ, ತಮ್ಮಲ್ಲಿ ವಿನಂತಿಸುವುದೇನೆಂದರೆ, ದಯವಿಟ್ಟು ಆ ಮೋಡವನ್ನು ಇನ್ನೊಂದು ದಿನ ದವಡೆಯಲ್ಲಿ ಹಿಡಿದಿಟ್ಟುಕೊಳ್ಳುವುದು. ಬಿಡುವಾದಾಗ ಅತ್ತೆಯವರ ನಾಲಿಗೆಯನ್ನು ಹಿಡಿಯುವುದು, ತೀರ ಬಿಗಿ ಬೇಡ. ಮತ್ತು ನನ್ನ ಗಂಡನನ್ನು ಮಾತ್ರ, ಕೈಮುಗಿದು ಕೇಳುತ್ತೇನೆ, ಬಿಟ್ಟುಬಿಡುವುದು.

ತಮ್ಮ ಬೆನ್ನನ್ನೇ ನೋಡುತ್ತ ಸಾಲು ಹೊಡೆಯುವ ಭಾಗ್ಯ ಪಡೆದ,
ತಮ್ಮ ವಿಶ್ವಾಸಿ,
ಟ್ರ್ಯಾಕ್ಟರಿನವಳು

ಮರೆತ ಮಾತು: ಅವರು ಕಾಫಿಗೆ ಒಳಗೆ ಬಂದಾಗ ಅಳತೆಯ ಟೇಪನ್ನು ತಮ್ಮ ದವಡೆಗೆ ಕಚ್ಚಿಸಿ, ನನ್ನ ಶಕ್ತಿಯೆಲ್ಲ ಹಾಕಿ ಬಿಗಿದು, ತಿರುಗಿಸುವ ಹಿಡಿಕೆಯನ್ನು ಕಳಚಿಕೊಂಡಿದ್ದೇನೆ. ಹಿಡಿಕೆ ಬೀಜದ ಚೀಲದ ತಳದಲ್ಲಿದೆ, ಚೀಲ ಬಾವಿಯ ಪಕ್ಕದ ಪಟ್ಟಿಯಲ್ಲಿದೆ, ನಾನೂ ಅಲ್ಲೇ ಇರುತ್ತೇನೆ. ಬೇಕಾದವರು ಬರಲಿ. ಚೀಲ ಬರಿದಾಗುವವರೆಗೆ ಅದು ಕೈಗೆ ಸಿಗುವುದಿಲ್ಲ.