ಮಾವನ ಕಠಾರಿಗೆ ಬಂದ ಹೊಳಪು

ಹೊಸ ವರ್ಷದ ನೌರೋಜ್ ಹಬ್ಬ ಹತ್ತಿರ ಬಂತೆಂದರೆ ಇಸ್ಫಹಾನಿನಲ್ಲಿ ಮನೆಮನೆಯೂ ಬುಡಮೇಲಾಗುತ್ತದೆ. ರತ್ನಗಂಬಳಿಗಳನ್ನು ತಾರಸಿಗೆ ಹೊತ್ತು ಧೂಳು ಹಾರುವಂತೆ ಬಡಿಯಲೇಬೇಕು. ನೆನೆಸಿಕೊಂಡರೇ ಕಾಮ್ಯಾರನ ಸೊಂಟ ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಈ ವರ್ಷ ಎದೆಯುಬ್ಬಿಸಿ ಘೋಷಿಸಿಯೇಬಿಟ್ಟ.

"ಕಂಬಳಿ ಬಡಿಯೋದು ಕತ್ತೆ ಚಾಕರಿ ಕಣೇ! ಲೋಹದ ಸಾಮಾನೆಲ್ಲ ನನಗೆ ಬಿಡು. ಅದಕ್ಕೆ ನಾಜೂಕಾದ ಕೈ ಬೇಕು!"

"ಆ ನಾಜೂಕಾದ ಕೈ ಹೋದ ವರ್ಷ ಟೀ ಲೋಟಗಳನ್ನ ಒಡೆದಿತ್ತು," ಎಂದು ಹೆಂಡತಿ ಮಹಲಕಾ ಕೋಲು ಹಿಡಿದು ತಾರಸಿ ಹತ್ತಿದಳು.

ಟೀ ಕಾಯಿಸುವ ಸಮೋವರ್ ಫಳಫಳ ಹೊಳೆಯಿತು. ತಾಮ್ರದ ತಟ್ಟೆಗಳು ಕಣ್ಣು ಕುಕ್ಕಿದವು. ಗೆದ್ದ ಹುಮ್ಮಸ್ಸಿನಲ್ಲಿ ಕಾಮ್ಯಾರ ಗೋಡೆಯ ಮೇಲಿನ ಹಳೇ ಕಠಾರಿಗೆ ಕೈ ಹಾಕಿದ. ಮದುವೆಯಲ್ಲಿ ಮಾವ ಕೊಟ್ಟದ್ದು, ಮಾವನಿಗೆ ಅವರ ಮಾವ ಕೊಟ್ಟದ್ದು. ದಂತದ ಹಿಡಿ, ಚಿನ್ನದ ತಂತಿ ಕೂರಿಸಿದ ಒರೆ. ಎಳೆದು ನೋಡಿದರೆ ಅಲಗಿನ ತುಂಬ ಸುರುಳಿ ಸುರುಳಿ ಕೊಳೆ! ಪಾಪ, ಇಷ್ಟು ಕಾಲ ಯಾರೂ ತೊಳೆದೇ ಇಲ್ಲ! ಇಟ್ಟಿಗೆ ಪುಡಿ ಹಾಕಿ ಉಜ್ಜಿದ. ಹಲ್ಲು ಕಚ್ಚಿ ಉಜ್ಜಿದ. ಸಂಜೆಯ ಹೊತ್ತಿಗೆ ಒಂದು ಗೆರೆಯೂ ಉಳಿದಿರಲಿಲ್ಲ.

ಕೆಳಗಿಳಿದ ಮಹಲಕಾ ತಲೆ ಮೇಲೆ ಕೈ ಹೊತ್ತು ಕೂತಳು. "ಅದು ಕೊಳೆ ಅಲ್ಲರೀ, ಉಕ್ಕಿನಲ್ಲೇ ಮೂಡಿದ ಅಲೆ ಚಿತ್ತಾರ! ಅದಕ್ಕೇ ಆ ಕಠಾರಿಗೆ ಅಷ್ಟು ಹೆಸರು! ಅಪ್ಪ ಅದನ್ನ ನೋಡ್ತಾ ಊಟ ಮರೀತಿದ್ರು!"

"ಮೊದಲೇ ಹೇಳಬಾರದಿತ್ತಾ?"

"ನೀವು ಉಜ್ಜಿಹಾಕ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ?"

ಕಾಮ್ಯಾರನಿಗೆ ನಿಜವಾಗಿಯೂ ಅಳು ಬಂತು. ಮಾವ ಎಷ್ಟು ನಂಬಿ ಕೊಟ್ಟಿದ್ದರು! ಇನ್ನು ಅವರಿಗೆ ಮುಖ ತೋರಿಸುವುದು ಹೇಗೆ? ಕಠಾರಿಯನ್ನು ಒರೆಗೆ ತುರುಕಿ, ಗೋಡೆಗೆ ನೇತುಹಾಕಿ, ದೇವರ ಮೇಲೆ ಭಾರ ಹಾಕಿದ.

ಹಬ್ಬದ ಭೇಟಿಗೆ ಮಾವ ಬಂದರು. ಪಿಸ್ತಾ ಸುಲಿಯುತ್ತಾ ಗೋಡೆ ನೋಡಿದರು. "ಎಷ್ಟು ಚೆಂದ ಕಾಣುತ್ತೆ ಅಳಿಯಂದ್ರೇ, ಆ ಕಠಾರಿ!"

ಬಂದವರು ಏನನ್ನು ಮೆಚ್ಚಿದರೂ 'ನಿಮ್ಮದೇ, ತಗೊಳ್ಳಿ' ಎನ್ನುವುದು ನಮ್ಮೂರಿನ ಮರ್ಯಾದೆ. 'ಅದು ನಿಮ್ಮಲ್ಲೇ ಚೆಂದ' ಎಂದು ಬೇಡವೆನ್ನುವುದು ಬಂದವರ ಮರ್ಯಾದೆ. ಹೇಳಿ ಹೇಳಿ ಪಳಗಿದ ನಾಲಿಗೆ ಕಾಮ್ಯಾರನನ್ನು ಒಂದು ಮಾತೂ ಕೇಳದೆ ಹೊರಳಿಬಿಟ್ಟಿತು. "ನಿಮ್ಮದೇ ಮಾವಾ, ತಗೊಳ್ಳಿ!"

"ಹೌದಾ? ಸರಿ, ಕೊಡು!"

ಮಾವ ಅಲಗು ಎಳೆದರು. ಅವರ ಮೀಸೆಯ ಒಂದೊಂದು ಕೂದಲೂ ಅದರಲ್ಲಿ ಕಂಡಿತು.

"ತಪ್ಪಾಯ್ತು ಮಾವಾ," ಎಂದ ಕಾಮ್ಯಾರ. "ನಾನೇ ಉಜ್ಜಿದ್ದು."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆದರಬೇಡವೋ! ಅಲೆ ಇರೋದು ಉಕ್ಕಿನ ಒಳಗೆ. ಅನ್ನಭೇದಿ ಉಪ್ಪು ಕರಗಿಸಿದ ನೀರು ಸವರಿದ್ರೆ ಮತ್ತೆ ಏಳುತ್ತೆ. ಮದುವೆಯಾದ ಹೊಸದ್ರಲ್ಲಿ ನಾನೂ ಇದನ್ನ ಹೀಗೇ ಉಜ್ಜಿಹಾಕಿದ್ದೆ!"

"ಹಾಗಾದ್ರೆ ಒಂದು ಮಾತು ಎಚ್ಚರಿಸಬಾರದಿತ್ತಾ ಮಾವಾ?"

"ನನ್ನ ಮಾವ ನನ್ನನ್ನ ಎಚ್ಚರಿಸಿದ್ರಾ?" ಮಾವ ಕಣ್ಣೊರೆಸಿಕೊಂಡರು. "ಆವತ್ತಿಂದ ನಮ್ಮನೇಲಿ ಕಂಬಳಿ ಬಡಿಯೋದು ನಾನೇ."

ಮಹಲಕಾ ಸದ್ದಿಲ್ಲದೆ ಎದ್ದು ಹೋದಳು. ಕಂಬಳಿ ಬಡಿಯುವ ಕೋಲು ತಂದು, ಕಠಾರಿ ಇದ್ದ ಮೊಳೆಗೆ ನೇತುಹಾಕಿದಳು.

"ಇದನ್ನ ಎಷ್ಟು ಬೇಕಾದ್ರೂ ಉಜ್ಜಿಕೊಳ್ಳಿ ರೀ!"